ನೆರೆ ಬರುವ ಜಾಗದಲ್ಲಿ 20 ಚದರ ಮೀಟರಿನ ಮನೆ: ನೀರನ್ನು ತಡೆಯುವುದೋ, ಒಳಗೆ ಬಿಡುವುದೋ?

ಹೊಸಿಲು:
ಸಣ್ಣ ಮನೆಯೊಂದರ ನಕ್ಷೆ. ಒಳ ಅಳತೆ 5 × 4 ಮೀಟರ್, ಒಂದೇ ಅಂತಸ್ತು, ಮೇಲೊಂದು ಅಟ್ಟ. ಜಾಗದಲ್ಲಿ ನೆರೆ ನೀರು 1 ಮೀಟರ್‌ವರೆಗೆ ನಿಂತ ಗುರುತು ಇದೆ. ಮಣ್ಣು ಮರಳು ಬೆರೆತದ್ದು. ಮೇಸ್ತ್ರಿ ಹೇಳುವುದು: 9 ಇಂಚಿನ ಇಟ್ಟಿಗೆ ಗೋಡೆ, ಹೊರಗೆ ವಾಟರ್‌ಪ್ರೂಫ್ ಗಾರೆ, ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆದ ಅಡ್ಡಹಲಗೆ, ಇಷ್ಟಾದರೆ ಒಂದು ಹನಿ ನೀರೂ ಒಳಗೆ ಬರಲ್ಲ ಅಂತ. ಇದು ಸರಿಯಾ? ಎತ್ತರಿಸುವುದೇ ಆದರೆ ಮಣ್ಣು ತುಂಬಿಸುವುದೋ, ಕಂಬದ ಮೇಲೆ ನಿಲ್ಲಿಸುವುದೋ?

ನೀರಗಂಟಿ:
ಮೇಸ್ತ್ರಿ ಹೇಳಿದ್ದು ಗೋಡೆಯ ಮಟ್ಟಿಗೆ ಒಂದೂವರೆ-ಎರಡು ಅಡಿ ನೀರಿಗೆ ಸರಿ. ಒಂದು ಮೀಟರಿಗೆ ಅಪಾಯ. ಲೆಕ್ಕ ನೋಡಿ.

ನಿಂತ ನೀರು ಗೋಡೆಯನ್ನು ನೂಕುವ ಬಲ ಆಳದ ವರ್ಗದಂತೆ ಏರುತ್ತದೆ. ಹೊರಗೆ 60 ಸೆಂ.ಮೀ. ನೀರು, ಒಳಗೆ ಒಣ: ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 180 ಕೆ.ಜಿ. ನೂಕು. ಒಂದು ಮೀಟರ್ ನೀರಿಗೆ 500 ಕೆ.ಜಿ. 1.2 ಮೀಟರಿಗೆ 720 ಕೆ.ಜಿ. ಅಂದರೆ ನಿಮ್ಮ 5 ಮೀಟರ್ ಗೋಡೆಯ ಮೇಲೆ ಒಂದು ಮೀಟರ್ ನೀರು ಎರಡೂವರೆ ಟನ್ ಭಾರ ಹಾಕಿ ಪಕ್ಕದಿಂದ ಒರಗಿರುತ್ತದೆ. ಗೋಡೆಯ ಬುಡ ಬಾಗುವ ಲೆಕ್ಕ ಇನ್ನೂ ಕೆಟ್ಟದ್ದು. ಅದು ಆಳದ ಘನದಂತೆ ಏರುತ್ತದೆ: ಆಳ ಎರಡರಷ್ಟಾದರೆ ಬಾಗು ಎಂಟರಷ್ಟು. ಇಟ್ಟಿಗೆ ಗೋಡೆ ಮೇಲಿನಿಂದ ಬರುವ ಭಾರ ತಡೆಯುತ್ತದೆ, ಪಕ್ಕದಿಂದ ಬಾಗಿಸಿದರೆ ಗಾರೆಯ ಸಂದಿಯಲ್ಲಿ ಬಾಯಿ ಬಿಡುತ್ತದೆ. 9 ಇಂಚಿನ ಗೋಡೆಗೆ 60 ಸೆಂ.ಮೀ. ಮಟ್ಟದ ವ್ಯತ್ಯಾಸವನ್ನೇ ಮಿತಿ ಅಂದುಕೊಳ್ಳಿ.

ಇನ್ನೊಂದು ಕಡೆಯಿಂದಲೂ ನೀರು ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ: ನೆಲದ ಕೆಳಗಿನಿಂದ. ಪ್ಲಿಂತ್ (ಗೋಡೆಯ ಕೆಳಗಿನ ಅಡಿಗಟ್ಟು) ಒಳಗೆ ತುಂಬಿದ ಮಣ್ಣು ಒಂದೆರಡು ದಿನದಲ್ಲಿ ನೆನೆದು, ಹೊರಗಿನ ಮಟ್ಟದ ಒತ್ತಡ ನೆಲದ ಅಡಿಗೂ ಬರುತ್ತದೆ. 100 ಮಿ.ಮೀ. ಕಾಂಕ್ರೀಟ್ ನೆಲದ ತೂಕ ಚದರ ಮೀಟರಿಗೆ 240 ಕೆ.ಜಿ. ಅದು ತಡೆಯುವುದು 24 ಸೆಂ.ಮೀ. ನೀರನ್ನು ಮಾತ್ರ. ಅದರ ಮೇಲೆ ಏರಿತೋ, ನೆಲ ಕೋಣೆಯ ನಡುವೆ ಉಬ್ಬಿ ಬಿರುಕು ಬಿಡುತ್ತದೆ, ಅಲ್ಲಿಂದ ಬುಗ್ಗೆ ಏಳುತ್ತದೆ. ಬಾಗಿಲ ರಬ್ಬರ್ ಪಟ್ಟಿ ಎಷ್ಟು ಚೆನ್ನಾಗಿದ್ದರೇನು.

ಹಗುರ ಮನೆಯಾದರೆ ಮೂರನೆಯ ಆಟವೂ ಇದೆ. 20 ಚದರ ಮೀಟರಿನ ಪೆಟ್ಟಿಗೆಯೊಳಗೆ ನೀರು ಬಿಡದಿದ್ದರೆ ಹೊರಗಿನ ಪ್ರತಿ 10 ಸೆಂ.ಮೀ. ನೀರಿಗೂ 2 ಟನ್ ಮೇಲೆತ್ತುವ ಬಲ. ಮರ-ಬೋರ್ಡಿನ 5-6 ಟನ್ ಮನೆ 30 ಸೆಂ.ಮೀ. ನೀರಿಗೇ ತಳಪಾಯ ಬಿಟ್ಟು ಎದ್ದೀತು.

ನೆರೆಯಲ್ಲಿ ಎಷ್ಟೋ ಮನೆಗಳು ಬರೀ ಒದ್ದೆಯಾಗಿ ಬೀಳುವುದಲ್ಲ. ಒಳಗಿನ-ಹೊರಗಿನ ಮಟ್ಟದ ವ್ಯತ್ಯಾಸಕ್ಕೆ ಬೀಳುತ್ತವೆ, ಇಲ್ಲವೇ ಬುಡದ ಮಣ್ಣು ಕೊರೆದುಹೋಗಿ ಬೀಳುತ್ತವೆ.

ಹೊಸಿಲು:
ಅಂದರೆ ನೀರನ್ನು ಬೇಕೆಂದೇ ಒಳಗೆ ಬಿಡಬೇಕಾ? ಮನೆಯವರನ್ನು ಒಪ್ಪಿಸುವುದು ಕಷ್ಟ.

ನೀರಗಂಟಿ:
ವಾಸದ ನೆಲವನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಅದರ ಕೆಳಗಿನದ್ದಕ್ಕೆ ನೀರು ಬಂದು ಹೋಗಲು ದಾರಿ ಬಿಡಿ. ನಿಮ್ಮ ಗುರುತಿಗಿಂತ ದೊಡ್ಡ ನೆರೆ ಬಂದರೆ ವಾಸದ ಕೋಣೆಗೂ ನೀರು ನುಗ್ಗಲಿ, ಆದರೆ ಗೋಡೆ ನಿಂತಿರಲಿ.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಅಂತ ನಕ್ಷೆಗಳಲ್ಲಿ ಬರೆದಿರುತ್ತದಲ್ಲ, ಅದನ್ನು ನಂಬಿ ಯಾರೂ ನಿಶ್ಚಿಂತರಾಗಬೇಡಿ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ ಅಂತ. 30 ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಗುರುತು 1 ಮೀಟರ್ ಅಂದಿರಿ. ವಾಸದ ನೆಲ 1.5 ಮೀಟರಿನಲ್ಲಿರಲಿ. ಆ ಅರ್ಧ ಮೀಟರ್ ಅಲೆ, ಕಸ ಸಿಕ್ಕಿ ಏರುವ ನೀರು, ಗುರುತು ಓದುವುದರಲ್ಲಿ ಆದ ತಪ್ಪು, ಎಲ್ಲಕ್ಕೂ ಸೇರಿ.

ಉಳಿದ ಎರಡು ಪ್ರಶ್ನೆಗೆ ಉತ್ತರ ಬೇಕು: ನೀರು ಹರಿಯುತ್ತದೋ ನಿಲ್ಲುತ್ತದೋ? ಎಷ್ಟು ದಿನ?

ಹೊಸಿಲು:
ಹರಿಯುತ್ತದೆ. ಜೋರಿದ್ದಾಗ ತೇಲುವ ಕಟ್ಟಿಗೆ 10 ಮೀಟರನ್ನು 5-6 ಸೆಕೆಂಡಿನಲ್ಲಿ ದಾಟುತ್ತದೆ. ಮೂರ್ನಾಲ್ಕು ದಿನ ಇರುತ್ತದೆ.

ತೂಗುಗುಂಡು:
ಸೆಕೆಂಡಿಗೆ 2 ಮೀಟರ್ ಹತ್ತಿರ ಅಂದಹಾಗಾಯಿತು. ಹಾಗಾದರೆ ಮಣ್ಣು ತುಂಬಿಸುವ ಮಾತು ಸ್ವಲ್ಪ ಯೋಚಿಸಿ.

1.2 ಮೀಟರ್ ಎತ್ತರದ ದಿಬ್ಬ, ಅದರ ಮೇಲೆ ಮಾಮೂಲಿ ಒಂದೂವರೆ ಅಡಿ ಪ್ಲಿಂತ್ ಅಂತ ಇಟ್ಟುಕೊಳ್ಳಿ. ಮನೆಯ ಸುತ್ತ ಓಡಾಡಲು 1.5 ಮೀಟರ್ ಜಾಗ ಬೇಕು. ಇಳಿಜಾರು 1 ಎತ್ತರಕ್ಕೆ 2 ಅಗಲ ಇಲ್ಲದಿದ್ದರೆ ನೆನೆದಾಗ ಜಾರುತ್ತದೆ. ಗೋಡೆಯ ದಪ್ಪವೂ ಸೇರಿ ಈ ಲೆಕ್ಕದಲ್ಲಿ ದಿಬ್ಬದ ತಲೆ 8.5 × 7.5 ಮೀಟರ್, ಬುಡ 13.3 × 12.3 ಮೀಟರ್. ಗಟ್ಟಿಯಾದ ಮಣ್ಣು ಸುಮಾರು 130 ಘನ ಮೀಟರ್, ಸಡಿಲ ಮಣ್ಣು 160ಕ್ಕೂ ಮೇಲೆ. ಲೋಡಿಗೆ 4 ಘನ ಮೀಟರ್ ಹಿಡಿದರೆ 40 ಲೋಡು. 20 ಚದರ ಮೀಟರ್ ಮನೆಗೆ! ಮೂಗಿಗಿಂತ ಮೂಗುತಿ ಭಾರ.

ಆದರೂ ಮಾಡುವವರಿಗೆ: 15 ಸೆಂ.ಮೀ.ಗಿಂತ ದಪ್ಪ ಪದರ ಹಾಕಬೇಡಿ, ಪ್ರತಿ ಪದರಕ್ಕೂ ದಿಮ್ಮಸು ಹೊಡೆಯಿರಿ. ಹದ ನೋಡಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಹೋಳಾದರೆ ಹದ. ಪುಡಿಯಾದರೆ ನೀರು ಸಾಲದು, ಉಂಡೆ ಹಾಗೇ ಚಪ್ಪಟೆಯಾದರೆ ನೀರು ಹೆಚ್ಚು. ಮಣ್ಣನ್ನು ಪಕ್ಕದಲ್ಲೇ ಗುಂಡಿ ತೋಡಿ ತೆಗೆಯುವುದು ಎಲ್ಲರೂ ಮಾಡುವ ಎಡವಟ್ಟು. ಗುಂಡಿಯ ಅಂಚು ದಿಬ್ಬದ ಬುಡದಿಂದ ಗುಂಡಿಯ ಆಳದ ಮೂರರಷ್ಟಾದರೂ ದೂರ ಇರಲಿ, ಇಲ್ಲದಿದ್ದರೆ ದಿಬ್ಬ ಅದರೊಳಗೆ ಜಾರುತ್ತದೆ. ಒಂದು ಮಳೆಗಾಲ ಕುಳಿತುಕೊಳ್ಳಲು ಬಿಟ್ಟು ಆಮೇಲೆ ಕಟ್ಟಿ. ಆಗಲೂ ತಳಪಾಯ ತುಂಬಿದ ಮಣ್ಣನ್ನು ದಾಟಿ ಮೂಲ ಮಣ್ಣಿಗೆ ಇಳಿದಿರಬೇಕು.

ಇಳಿಜಾರಿನ ಹೊರ ಪದರ 30 ಸೆಂ.ಮೀ. ದಪ್ಪಕ್ಕೆ 15 ಬಾಂಡ್ಲಿ ಮಣ್ಣಿಗೆ 1 ಬಾಂಡ್ಲಿ ಸಿಮೆಂಟ್ ಬೆರೆಸಿ ಬಡಿಯಿರಿ. ನಿಮ್ಮದು ಮರಳುಮಣ್ಣು, ಚೆನ್ನಾಗಿ ಹಿಡಿಯುತ್ತದೆ. ಎರೆಮಣ್ಣಿಗೆ ಈ ಸಿಮೆಂಟ್ ದಂಡ.

ಗೋಡುಮಣ್ಣು:
ಅಡ್ಡಮಾತು, ಆದರೆ ಹೇಳಲೇಬೇಕು. ನಿಮ್ಮ ದಿಬ್ಬಕ್ಕೆ ಬಡಿದ ನೀರು ಪಕ್ಕದವರ ಜಾಗಕ್ಕೆ ತಿರುಗುತ್ತದೆ. ಒಂದು ದಿಬ್ಬದಿಂದ ಹೆಚ್ಚೇನೂ ಆಗಲಿಕ್ಕಿಲ್ಲ. ಬೀದಿಯುದ್ದಕ್ಕೂ ಹತ್ತು ಜನ ಹಾಗೇ ಮಾಡಿದರೆ ನಡುವಿನ ಸಂದಿಗಳಲ್ಲಿ ನೀರಿನ ವೇಗ ಏರಿ ಎಲ್ಲರ ಬುಡವೂ ಕೊರೆಯುತ್ತದೆ.

ನೀರಗಂಟಿ:
ಸರಿಯಾದ ಮಾತು. ಕೊರೆತ ತಡೆಯಲು ದಿಬ್ಬದ ಬುಡಕ್ಕೆ 1 ಮೀಟರ್ ಅಗಲ ಕಲ್ಲು ಹಾಸಬೇಕಾಗುತ್ತದೆ. ಸೆಕೆಂಡಿಗೆ 2 ಮೀಟರ್ ಹರಿವಿಗೆ 15-20 ಸೆಂ.ಮೀ. ಗಾತ್ರದ ಕಲ್ಲು ಸಾಕು. 3 ಮೀಟರ್ ವೇಗವಾದರೆ 35-40 ಸೆಂ.ಮೀ. ಬೇಕು, ಏಕೆಂದರೆ ಇಲ್ಲೂ ವೇಗದ ವರ್ಗದ ಲೆಕ್ಕವೇ. ಕಲ್ಲಿನ ಅಡಿಗೆ 10 ಸೆಂ.ಮೀ. ಜಲ್ಲಿ ಹಾಕದೆ ನೇರ ಮಣ್ಣಿನ ಮೇಲೆ ಕಲ್ಲಿಟ್ಟರೆ ಸಂದಿಯಿಂದ ಮಣ್ಣು ಎಳೆದುಕೊಂಡು ಹೋಗಿ ಕಲ್ಲು ಒಂದೊಂದಾಗಿ ಕುಸಿಯುತ್ತದೆ. ಹೊರಗಿನಿಂದ ನೋಡಿದರೆ ಕಲ್ಲು ಇದ್ದ ಹಾಗೇ ಕಾಣುತ್ತದೆ, ಕೆಳಗೆ ಟೊಳ್ಳು.

ಹೊಸಿಲು:
ಹಾಗಾದರೆ ಕಂಬ. ಎಷ್ಟು ಕಂಬ, ಎಷ್ಟು ದಪ್ಪ?

ತೂಗುಗುಂಡು:
ಆರು ಕಂಬ ಸಾಕು, 5 ಮೀಟರ್ ಉದ್ದಕ್ಕೆ ಮೂರು, 4 ಮೀಟರ್ ಅಗಲಕ್ಕೆ ಎರಡು ಸಾಲು. 230 × 230 ಮಿ.ಮೀ. ಕಂಬ, ನಾಲ್ಕು 12 ಮಿ.ಮೀ. ಕಂಬಿ, 8 ಮಿ.ಮೀ. ರಿಂಗ್ 150 ಮಿ.ಮೀ.ಗೊಂದು, ಮೇಲೆ-ಕೆಳಗೆ ಜೋಡಣೆಯ ಹತ್ತಿರ 100 ಮಿ.ಮೀ.ಗೊಂದು. ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಲಿ. ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ದಪ್ಪ, 40 ಮಿ.ಮೀ. ಬಿಡಿ, ನೆನೆದು ಒಣಗಿ ನೆನೆದು ಒಣಗಿ ಆಗುವ ಜಾಗದಲ್ಲಿ 25 ಮಿ.ಮೀ. ಕವರ್ ಇಟ್ಟರೆ ಕೆಲವೇ ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಮೂಲೆ ಸಿಡಿಯುತ್ತದೆ. ಇದು ಹಗುರ ಚಾವಣಿಯ ಮನೆಗೆ ಹೇಳಿದ ಅಂದಾಜು. ಮೇಲೆ ಕಾಂಕ್ರೀಟ್ ಚಾವಣಿ ಬರುವುದಾದರೆ, ಅಥವಾ ಭೂಕಂಪ ವಲಯವಾದರೆ, ಎಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸದೆ ಕಂಬಿ ಕತ್ತರಿಸಬೇಡಿ. ಕೆಳಗೆ ಬರೀ ಕಂಬ, ಮೇಲೆ ಭಾರ ಅನ್ನುವ ಮನೆ ಭೂಕಂಪದಲ್ಲಿ ಮೊದಲು ಮಂಡಿಯೂರುವುದು.

ನೀರಗಂಟಿ:
ತಳಪಾಯದ ಆಳ ಬರೆಯಲಿಲ್ಲ, ಅದೇ ಮುಖ್ಯ. ಹರಿವ ನೀರಿನಲ್ಲಿ ನಿಂತ ಕಂಬದ ಸುತ್ತ ಸುಳಿ ಎದ್ದು ಮಣ್ಣು ಕೊರೆಯುತ್ತದೆ. ಕೊರೆತ ಕಂಬದ ಅಗಲದ ಎರಡರಷ್ಟು ಆಳಕ್ಕೆ ಹೋಗುತ್ತದೆ ಅಂತ ಹಿಡಿಯುವುದು ರೂಢಿ. 230 ಮಿ.ಮೀ. ಕಂಬಕ್ಕೆ 46 ಸೆಂ.ಮೀ. ಅದರ ಜೊತೆ ನೆಲವೇ ಒಟ್ಟಾರೆ ಒಂದೆರಡು ಅಡಿ ಕೊಚ್ಚಿಹೋಗಬಹುದು. ಫೂಟಿಂಗಿನ (ಕಂಬದ ಬುಡದ ಅಗಲ ಕಾಂಕ್ರೀಟ್ ಪಾದದ) ತಲೆ ಇವೆರಡರ ಕೆಳಗಿರಬೇಕು. ನಿಮ್ಮ ಮಣ್ಣಿಗೆ 1.5 ಮೀಟರ್ ಆಳದಲ್ಲಿ 1 × 1 ಮೀಟರ್ ಫೂಟಿಂಗ್ ಇಡಿ. ಫೂಟಿಂಗ್ ಒಮ್ಮೆ ಬಯಲಾದರೆ 23 ಸೆಂ.ಮೀ. ಕಂಬದ ಬದಲು 1 ಮೀಟರ್ ಅಗಲದ ಕಾಂಕ್ರೀಟು ನೀರಿಗೆ ಅಡ್ಡ ನಿಂತ ಹಾಗೆ, ಕೊರೆತ ಅಲ್ಲಿಂದ ಇನ್ನೂ ಜೋರು.

ಈಗ ಬಲದ ಲೆಕ್ಕ. 2 ಮೀಟರ್ ವೇಗ, 1.2 ಮೀಟರ್ ಆಳ: ಒಂದು ಕಂಬಕ್ಕೆ 110 ಕೆ.ಜಿ. ಆಸುಪಾಸು ನೂಕು. ಏನೂ ಅಲ್ಲ. ಅದೇ ಜಾಗದಲ್ಲಿ 5 ಮೀಟರ್ ಗೋಡೆ ಇದ್ದಿದ್ದರೆ ಬರೀ ಹರಿವಿನಿಂದಲೇ ಒಂದೂವರೆ ಟನ್. ಆದರೆ ಎರಡು ಕಂಬದ ನಡುವೆ ಕೊಂಬೆ, ಬಳ್ಳಿ, ಹುಲ್ಲು ಸಿಕ್ಕಿ 2.5 ಮೀಟರ್ ಅಗಲ, 1 ಮೀಟರ್ ಆಳದ ಚಾಪೆಯಾಯಿತು ಅನ್ನಿ. ಕೂಡಲೇ 640 ಕೆ.ಜಿ. ಕಂಬಗಳ ನಡುವೆ ಕತ್ತರಿ ಆಕಾರದ ಓರೆಪಟ್ಟಿ ಕಟ್ಟುವವರು ಇದನ್ನು ನೆನಪಿಡಿ. ಹರಿವಿಗೆ ಅಡ್ಡ ಇರುವ ಮುಖಕ್ಕೆ ಓರೆಪಟ್ಟಿ ಹಾಕಿದರೆ ಕಸ ಹಿಡಿಯುವ ಬಲೆ ಹೆಣೆದಂತೆ. ಹರಿವಿನ ದಿಕ್ಕಿಗೆ ಸಮಾನಾಂತರವಾದ ಸಾಲಿಗೆ ಮಾತ್ರ ಹಾಕಿ. ಅಡ್ಡ ಮುಖಕ್ಕೆ ಮೇಲ್ತುದಿಯಲ್ಲಿ ಸಣ್ಣ ಮೂಲೆಪಟ್ಟಿ ಸಾಕು, ಉಳಿದ ಬಿಗಿ ಕಂಬ-ತೊಲೆಯ ಕಂಬಿ ಜೋಡಣೆಯಿಂದ ಬರಲಿ. ಮನೆಯ ಚಿಕ್ಕ ಮುಖ, ಅಂದರೆ 4 ಮೀಟರ್ ಬದಿ, ಹರಿವಿಗೆ ಎದುರಾಗುವ ಹಾಗೆ ತಿರುಗಿಸಿ ಇಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಗೋಡುಮಣ್ಣು:
ಕಂಬದ ಮನೆಯ ದೊಡ್ಡ ಶತ್ರು ನೀರಲ್ಲ, ಐದು ವರ್ಷ ನೆರೆ ಬಾರದಿರುವುದು. ಕೆಳಗಿನ ಜಾಗ ಸುಮ್ಮನೆ ಬಿದ್ದಿದೆ ಅಂತ ಇಟ್ಟಿಗೆ ಗೋಡೆ ಎಬ್ಬಿಸುತ್ತಾರೆ, ಆಮೇಲೆ ಶಟರ್ ಹಾಕುತ್ತಾರೆ. ಅಲ್ಲಿಗೆ ಮೇಲಿನ ಲೆಕ್ಕವೆಲ್ಲ ಮಣ್ಣುಪಾಲು. ಕೆಳಗೆ ಮರೆ ಬೇಕೇ ಬೇಕಿದ್ದರೆ ಜಾಲರಿ ಅಥವಾ ಬಿದಿರು ತಟ್ಟಿ ಕಟ್ಟಿ, ಕಂಬಿಗೆ ಬೆಸುಗೆ ಹಾಕದೆ ಸಣ್ಣ ತಂತಿಯಲ್ಲಿ ಕಟ್ಟಿ. ನೀರು ಬಂದಾಗ ಕಿತ್ತುಕೊಂಡು ಹೋಗಲಿ.

ಹೊಸಿಲು:
ಕೆಳಗೆ ಸಾಮಾನಿಡಲು ಒಂದು ಅರ್ಧ ಕೋಣೆ ಬೇಕೇ ಬೇಕು, ಬೀಗ ಹಾಕುವಂಥದ್ದು. ಆಗ?

ನೀರಗಂಟಿ:
ಆಗ ಕಿಂಡಿ. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ನಿಯಮ ಎತ್ತರಿಸಿದ ಮನೆಯ ಕೆಳಗಿನ ಇಂಥ ಮುಚ್ಚಿದ ಜಾಗಕ್ಕೆಂದೇ ಬರೆದದ್ದು, ಲೆಕ್ಕ ಸುಲಭ: ಮುಚ್ಚಿದ ಜಾಗದ ಪ್ರತಿ ಚದರ ಅಡಿಗೆ 1 ಚದರ ಇಂಚು ಕಿಂಡಿ. ಕನಿಷ್ಠ ಎರಡು ಬೇರೆ ಬೇರೆ ಗೋಡೆಯಲ್ಲಿ. ಕಿಂಡಿಯ ಕೆಳ ಅಂಚು ನೆಲದಿಂದ 1 ಅಡಿಯೊಳಗೆ. 10 ಚದರ ಮೀಟರ್ ಕೋಣೆ ಅಂದರೆ ಸುಮಾರು 108 ಚದರ ಅಡಿ, 108 ಚದರ ಇಂಚು, ಅಂದರೆ 700 ಚದರ ಸೆಂ.ಮೀ. ಒಂದು ಇಟ್ಟಿಗೆ ಉದ್ದಕ್ಕೆ ಬಿಟ್ಟ 9 × 3 ಇಂಚಿನ ತೂತಿಗೆ 27 ಚದರ ಇಂಚು. ನಾಲ್ಕು ತೂತು ಸಾಕು.

ಈ ಲೆಕ್ಕ ಗಂಟೆಗೆ 5 ಅಡಿಯವರೆಗೆ ಏರಿಳಿಯುವ ನೀರಿಗೆ. ಗುಡ್ಡದ ಬುಡದಲ್ಲಿ ಅರ್ಧ ಗಂಟೆಯಲ್ಲಿ ನುಗ್ಗುವ ಕಡೆ ಎರಡು-ಮೂರರಷ್ಟು ಇಡಿ. ಕಿಂಡಿ ಬರುವ ನೀರಿಗೆ ಮಾತ್ರ ಅಂದುಕೊಳ್ಳಬೇಡಿ. ಹೊರಗೆ ನೀರು ಇಳಿದು ಒಳಗೆ ಉಳಿದರೆ ಗೋಡೆ ಹೊರಕ್ಕೆ ಒದೆಸಿಕೊಳ್ಳುತ್ತದೆ. ಎಷ್ಟೋ ಗೋಡೆ ನೆರೆ ಇಳಿದ ಮಾರನೆಯ ದಿನ ಬೀಳುವುದು ಇದಕ್ಕೇ.

ಹೊಸಿಲು:
ಕಿಂಡಿ ಬಿಟ್ಟರೆ ಹಾವು, ಇಲಿ?

ತೂಗುಗುಂಡು:
ಬರುತ್ತವೆ. ಜಾಲರಿ ಹಾಕಿ. ಆದರೆ ಜಾಲರಿಯ ತಂತಿ ತಿನ್ನುವ ಜಾಗ ಕಳೆದು ಉಳಿದ ತೂತಿನ ಲೆಕ್ಕವೇ ಲೆಕ್ಕ. ಅದರ ಮೇಲೆ ಎಲೆಕಸ ಅಂಟಿಕೊಳ್ಳುತ್ತದೆ. ಹಾಗಾಗಿ ನಾಲ್ಕರ ಬದಲು ಎಂಟು ತೂತು ಬಿಟ್ಟು 8 ಮಿ.ಮೀ. ಜಾಲರಿ ಹೊಡೆಯಿರಿ, ಒಳಗಿನಿಂದ ಅಲ್ಲ, ಬಿಚ್ಚಿ ತೊಳೆಯುವ ಹಾಗೆ ಹೊರಗಿನಿಂದ ಸ್ಕ್ರೂ ಹಾಕಿ.

ಗೋಡೆ ಟೊಳ್ಳು ಸಿಮೆಂಟ್ ಬ್ಲಾಕಿನದ್ದಾದರೆ ಇನ್ನೊಂದು ಕೆಲಸ ಇದೆ. ಬ್ಲಾಕಿನ ಟೊಳ್ಳಿನೊಳಗೆ ನೀರು ತುಂಬಿಕೊಂಡು ವಾರಗಟ್ಟಲೆ ಇಳಿಯುವುದಿಲ್ಲ. ಗಾರೆ ಒಣಗಿದ ಹಾಗೆ ಕಾಣುತ್ತದೆ, ಬಣ್ಣ ಹೊಡೆದರೆ ತಿಂಗಳೊಳಗೆ ಗುಳ್ಳೆ. ಕೆಳಗಿನ ಮೊದಲ ವರಸೆಯ ಪ್ರತಿ ಟೊಳ್ಳಿಗೂ ಹೊರಮುಖದಲ್ಲಿ 12 ಮಿ.ಮೀ. ತೂತು ಬಿಡಿ. ಮೂಲೆಯ ಟೊಳ್ಳುಗಳಿಗೆ ಮಾತ್ರ ಒಂದೊಂದು 12 ಮಿ.ಮೀ. ಕಂಬಿ ಇಳಿಸಿ ಕಾಂಕ್ರೀಟ್ ತುಂಬಿ. ಪ್ಲಿಂತ್ ಮಟ್ಟದಲ್ಲೊಂದು, ಬಾಗಿಲ ಮೇಲಿನ ಲಿಂಟಲ್ ಮಟ್ಟದಲ್ಲೊಂದು ಕಾಂಕ್ರೀಟ್ ಸುತ್ತುಪಟ್ಟಿ: ಎರಡು 10 ಮಿ.ಮೀ. ಕಂಬಿ, 6 ಮಿ.ಮೀ. ರಿಂಗ್ 150 ಮಿ.ಮೀ.ಗೊಂದು. ಮೂಲೆಯಲ್ಲಿ ಕಂಬಿ ನಿಲ್ಲಿಸದೆ ಬಾಗಿಸಿ ಮುಂದಿನ ಗೋಡೆಗೆ ಒಯ್ಯಿರಿ. ಮೂಲೆಯಲ್ಲಿ ಕತ್ತರಿಸಿದ ಪಟ್ಟಿ ಇದ್ದೂ ಇಲ್ಲದಂತೆ.

ಬಿದಿರುಮೆಳೆ:
ಇಷ್ಟು ಹೊತ್ತು ಕಾಂಕ್ರೀಟು, ಇಟ್ಟಿಗೆ ಮಾತೇ ಆಯಿತು. 20 ಚದರ ಮೀಟರಿಗೆ ಬಿದಿರು ಏಕೆ ಬೇಡ? ಬಾಂಗ್ಲಾದೇಶದಲ್ಲಿ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ರೂಪಿಸಿದ ಖುದಿ ಬಾಡಿ ಎಂಬ ಪುಟ್ಟ ಮನೆ ನೋಡಿ. ಬಿದಿರಿನ ಚೌಕಟ್ಟು, ಉಕ್ಕಿನ ಜೋಡಣೆ, ಮೇಲೆ ಮಲಗಲು ಅಟ್ಟದಂಥ ಎರಡನೇ ನೆಲ. ನೀರು ಬಂದರೆ ಮನೆಯವರು ಮೇಲೇರುತ್ತಾರೆ. ನದಿ ದಂಡೆ ಕೊರೆದರೆ ಮನೆಯನ್ನೇ ಬಿಚ್ಚಿ ಬೇರೆ ಕಡೆ ಕಟ್ಟುತ್ತಾರೆ. ಆ "ಬಿಚ್ಚುವ" ಗುಣ ಯಾವ ಇಟ್ಟಿಗೆ ಮನೆಗಿದೆ?

ತೂಗುಗುಂಡು:
ಗುಣ ಒಪ್ಪಿದೆ. ಬಾಳಿಕೆ?

ಬಿದಿರುಮೆಳೆ:
ಬುಡ ಸರಿಯಾಗಿ ಮಾಡಿದರೆ ಬಾಳುತ್ತದೆ. ಬಹಳ ಜನ ತಪ್ಪುವುದು ಎರಡು ಕಡೆ.

ಒಂದು, ಉಪಚಾರ. ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದ ಬಿದಿರು ಹುಳಕ್ಕೆ, ಗೆದ್ದಲಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಈ ಉಪ್ಪು ನೀರಿನಲ್ಲಿ ಕರಗುವಂಥದ್ದು. ಹೋದ ದಾರಿಯಲ್ಲೇ ಹೊರಬರುತ್ತದೆ. ನೆರೆ ನೀರಿನಲ್ಲಿ ನಾಲ್ಕು ದಿನ ನಿಂತ ಕಂಬದಲ್ಲಿ ಎಷ್ಟು ಉಪ್ಪು ಉಳಿಯಿತು ಅಂತ ಯಾರೂ ಅಳೆಯುವುದಿಲ್ಲ, ಉಪಚಾರ ಆಗಿದೆ ಅಂತ ನಂಬಿ ಕೂತಿರುತ್ತಾರೆ. ಹಾಗಾಗಿ ನೀರು ಮುಟ್ಟುವ ಎತ್ತರದವರೆಗೆ ಬಿದಿರನ್ನು ತರಲೇಬಾರದು. ಅಲ್ಲಿಯವರೆಗೆ ಕಾಂಕ್ರೀಟ್ ಮೋಟುಕಂಬ, ಅದರ ಮೇಲಿಂದ ಬಿದಿರು.

ಎರಡು, ಬಿದಿರು ಕಾಂಕ್ರೀಟನ್ನು ಸೇರುವ ಜಾಗ. ಹಸಿ ಕಾಂಕ್ರೀಟಿಗೆ ಬಿದಿರು ನೆಟ್ಟುಬಿಡುತ್ತಾರೆ. ಬಿದಿರು ಮೊದಲು ಕಾಂಕ್ರೀಟಿನ ನೀರು ಹೀರಿ ಉಬ್ಬುತ್ತದೆ, ಆಮೇಲೆ ಒಣಗಿ ಕುಗ್ಗುತ್ತದೆ. ಸುತ್ತ ಒಂದು ಕೂದಲೆಳೆ ಸಂದಿ ಉಳಿಯುತ್ತದೆ. ಮಳೆ ನೀರು ಆ ಬಟ್ಟಲಿನಲ್ಲಿ ನಿಂತು ಬುಡ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ಕಂಬ ಹೊಸದರಂತೆ, ಅಲ್ಲಾಡಿಸಿದರೆ ಬುಡ ಹಿಟ್ಟು. ಸರಿಯಾದ ಕ್ರಮ ಹೀಗೆ: ಮೋಟುಕಂಬದ ತಲೆಯಿಂದ 12 ಮಿ.ಮೀ. ಕಂಬಿ 40 ಸೆಂ.ಮೀ. ಮೇಲಕ್ಕೆ ಚಾಚಿರಲಿ. ಬಿದಿರಿನ ಕೆಳಗಿನ ಗೆಣ್ಣಿನ ಪರದೆ ಒಡೆದು ಕಂಬಿಯ ಮೇಲೆ ಇಳಿಸಿ, ಬದಿಯ ಒಂದು ಸಣ್ಣ ತೂತಿನಿಂದ 1:3 ಸಿಮೆಂಟ್ ಗಾರೆ ಒಳಗೆ ತುಂಬಿ. ಬಿದಿರಿನ ತುದಿ ಕಾಂಕ್ರೀಟಿಗೆ ತಾಗದಂತೆ ನಡುವೆ 2 ಸೆಂ.ಮೀ. ದಪ್ಪದ ತಗಡು ಅಥವಾ ರಬ್ಬರ್ ತುಂಡು. ಮೋಟುಕಂಬದ ತಲೆ ಹೊರಕ್ಕೆ ಇಳಿಜಾರಾಗಿರಲಿ, ಬಟ್ಟಲಿನಂತೆ ತಗ್ಗಬಾರದು. ಬಿದಿರಿಗೆ ಮೊಳೆ ಬೇಡವೇ ಬೇಡ, ಸೀಳುತ್ತದೆ. ಡ್ರಿಲ್ ಮಾಡಿ ಗೆಣ್ಣಿನ ಹತ್ತಿರ ಬೋಲ್ಟ್ ಹಾಕಿ.

ತೂಗುಗುಂಡು:
2 ಸೆಂ.ಮೀ. ತಗಡು? 2 ಮಿ.ಮೀ. ಇರಬೇಕು.

ಬಿದಿರುಮೆಳೆ:
ಹೌದು, ತಿದ್ದಿಕೊಳ್ಳಿ. ಸಂದಿ 2 ಸೆಂ.ಮೀ., ಅದನ್ನು ತುಂಬಲು ಗಟ್ಟಿ ರಬ್ಬರ್ ತುಂಡು. ತಗಡು ಬೇಡ.

ಹೊಸಿಲು:
ಡ್ರಮ್ಮಿನ ಮೇಲೆ ತೇಲುವ ಮನೆ ಅಂತ ವಿಡಿಯೋಗಳು ಬರುತ್ತಿವೆ. ನೀರು ಬಂದಾಗ ತಾನೇ ಏಳುತ್ತದೆ, ಇಳಿದಾಗ ಕೂರುತ್ತದೆ. ಅದೇ ಮಾಡಿದರೆ ಇಷ್ಟೆಲ್ಲ ತಲೆನೋವು ಇಲ್ಲವಲ್ಲ?

ನೀರಗಂಟಿ:
ತಲೆನೋವಿನ ಜಾಗ ಬದಲಾಗುತ್ತದೆ, ಅಷ್ಟೇ. ಲೆಕ್ಕ ಹಾಕೋಣ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಮಲಗಿಸಿದರೆ 58 × 88 ಸೆಂ.ಮೀ. ಜಾಗ ಹಿಡಿಯುತ್ತದೆ. 5 × 4 ಮೀಟರಿನ ಅಡಿಯಲ್ಲಿ ಒಂದು ಪದರಕ್ಕೆ 32 ಡ್ರಮ್ಮು. ತನ್ನ ತೂಕ ಕಳೆದು ಒಂದೊಂದು 190 ಕೆ.ಜಿ. ಎತ್ತುತ್ತದೆ ಅನ್ನಿ. ಪೂರ್ತಿ ಮುಳುಗಿದರೆ 6 ಟನ್. ಇಟ್ಟಿಗೆ ಮನೆ 30 ಟನ್ ತೂಗುತ್ತದೆ, ಅದನ್ನು ಮರೆತುಬಿಡಿ. ಬಿದಿರು-ತಗಡಿನ ಮನೆ 2 ಟನ್, ಅಡಿಯ ಚೌಕಟ್ಟು ಅರ್ಧ ಟನ್, ಜನ-ಸಾಮಾನು 1 ಟನ್, ಒಟ್ಟು ಮೂರೂವರೆ. ಡ್ರಮ್ಮುಗಳು ಅರ್ಧಕ್ಕಿಂತ ತುಸು ಹೆಚ್ಚು ಮುಳುಗುತ್ತವೆ. ಸಾಧ್ಯ. ಆದರೆ ಒಂದು ಮೂಲೆಯ ನಾಲ್ಕು ಡ್ರಮ್ಮು ಸೋರಿದರೆ ಮನೆ ಆ ಮೂಲೆಗೆ ವಾಲುತ್ತದೆ, ವಾಲಿದಾಗ ಸಾಮಾನೂ ಜನರೂ ಅತ್ತಲೇ ಜಾರುತ್ತಾರೆ. ಅದಕ್ಕೇ ಟೊಳ್ಳು ಡ್ರಮ್ಮಿಗಿಂತ ಥರ್ಮೊಕೋಲ್ ದಿಮ್ಮಿ ಮೇಲು. ತೂತಾದರೂ ಒಂದೇ ಸಲ ಮುಳುಗುವುದಿಲ್ಲ.

ನೆದರ್ಲೆಂಡ್ಸಿನ ಮಾಸ್‌ಬೊಮೆಲ್‌ನಲ್ಲಿ ಮಾಸ್ ನದಿಯ ಪಕ್ಕ ಇಂಥ 32 ಮನೆಗಳಿವೆ. ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಯ ಮೇಲೆ ಕೂತ ಹಗುರ ಮನೆ, ಪಕ್ಕದಲ್ಲಿ ಉಕ್ಕಿನ ಕಂಬ, ಐದೂವರೆ ಮೀಟರ್ ಏರಬಲ್ಲವು. 2011ರ ನೆರೆಯಲ್ಲಿ ನಿಜಕ್ಕೂ ಎದ್ದವು. ಅಲ್ಲಿ ನೀರು ನಿಧಾನ ಏರುತ್ತದೆ. ಸೆಕೆಂಡಿಗೆ 2 ಮೀಟರ್ ಸೆಳವಿನಲ್ಲಿ ನಾಲ್ಕು ಮೂಲೆಯ ಕಂಬದ ಮೇಲೆ ಬೀಳುವ ಎಳೆತ ಬೇರೆಯದೇ ಮಾತು.

ಗೋಡುಮಣ್ಣು:
ಇಳಿಯುವ ಹೊತ್ತಿನ ಮಾತು ವಿಡಿಯೋದಲ್ಲಿ ಇರುವುದಿಲ್ಲ. ಮನೆ ಮೇಲೆದ್ದಿರುವಾಗ ಅಡಿಯಲ್ಲಿ ಹೂಳು ಕೂರುತ್ತದೆ, ಒಂದೆರಡು ದಿಮ್ಮಿ ಬಂದು ಸೇರುತ್ತದೆ. ನೀರು ಇಳಿದಾಗ ಮನೆ ಅದರ ಮೇಲೆ ಓರೆಯಾಗಿ ಕೂರುತ್ತದೆ. ಮನೆಯನ್ನು ಮೂಲೆಯ ಕಂಬಕ್ಕೆ ಹಿಡಿದಿಟ್ಟು ಅದರ ಮೇಲೆ ಜಾರುವ ಬಳೆ 2-3 ಸೆಂ.ಮೀ. ಸಡಿಲ ಇರಬೇಕು, ತುಕ್ಕು ಹಿಡಿದು ಒಂದೇ ಒಂದು ಬಳೆ ಕಚ್ಚಿಕೊಂಡರೂ ಮೂರು ಮೂಲೆ ಎದ್ದು ನಾಲ್ಕನೆಯದು ಮುಳುಗುತ್ತದೆ. ವರ್ಷಕ್ಕೊಮ್ಮೆ ಗ್ರೀಸ್ ಹಚ್ಚುವ ಶಿಸ್ತು ಇರುವವರು ಮಾತ್ರ ಕೈ ಹಾಕಿ.

ಹೊಸಿಲು:
ಸರಿ, ಕಂಬದ ಮನೆಯೇ. ಕರೆಂಟು, ಶೌಚಾಲಯದ ಬಗ್ಗೆ?

ಮೂರನೇ_ತಂತಿ:
ಮೀಟರ್, ಮೈನ್ ಬೋರ್ಡ್ ವಾಸದ ನೆಲದಿಂದ 1.5 ಮೀಟರ್ ಮೇಲೆ. ಸಾಕೆಟ್ಟುಗಳನ್ನೂ ಕಾಲಡಿಯಲ್ಲಿ ಇಡದೆ ಸ್ವಿಚ್ಚಿನ ಮಟ್ಟದಲ್ಲೇ ಇಡಿ. ಪೈಪುಗಳೆಲ್ಲ ಸೂರಿನ ಮಟ್ಟದಲ್ಲಿ ಓಡಿ ಮೇಲಿನಿಂದ ಕೆಳಕ್ಕೆ ಇಳಿಯಲಿ. ನೆಲದಲ್ಲಿ ಹೂತ ಪೈಪಿನೊಳಗೆ ನೀರು ಹೊಕ್ಕರೆ ಹೊರಗೆ ಬರಲು ದಾರಿಯಿಲ್ಲ, ತಿಂಗಳಾದರೂ ತೇವ. ಇಳಿದ ಪೈಪಿನ ಕೆಳತುದಿಯ ಡಬ್ಬಿಗೆ 5 ಮಿ.ಮೀ. ತೂತು ಕೊರೆಯಿರಿ.

ಕೆಳಗಿನ ಕೋಣೆಯ ದೀಪಕ್ಕೆ ಬೇರೆಯೇ ಸರ್ಕ್ಯೂಟ್, ಬೇರೆಯೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು). ಇಡೀ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ಚು). ನೀರು ಬಂದಾಗ ಕೆಳಗಿನದ್ದನ್ನು ಮಾತ್ರ ಆರಿಸಿ ಮೇಲಿನ ದೀಪ ಉಳಿಸಿಕೊಳ್ಳಬಹುದು. ಒಂದೇ ಸರ್ಕ್ಯೂಟ್ ಇದ್ದರೆ ಕೆಳಗೆ ಒಂದು ಹೋಲ್ಡರ್ ನೆನೆದಾಗ ಇಡೀ ಮನೆ ಕತ್ತಲು, ಆಗ ಯಾರೋ ಒಬ್ಬರು ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರ ಕೊಡುತ್ತಾರೆ. ಸಾವು ಬರುವುದು ಹಾಗೆ. ನೆನೆದ ಎಂಸಿಬಿ, ಸ್ವಿಚ್ಚು ಒಣಗಿಸಿ ಮತ್ತೆ ಹಾಕಬೇಡಿ, ಬಿಸಾಡಿ.

ನೀರಗಂಟಿ:
ಶೌಚಾಲಯ: ಬಾಗಿಲಿಂದ ನೀರು ಬರುವ ಮೊದಲೇ ಕೊಳಚೆ ಉಲ್ಟಾ ಬರುತ್ತದೆ, ಮನೆಯ ಅತಿ ಕೆಳಗಿನ ತೂತಿನಿಂದ. ಸಾಮಾನ್ಯವಾಗಿ ಅದು ಬಚ್ಚಲಿನ ನೆಲದ ಜಾಲರಿ. ಹಾಗಾಗಿ ಶೌಚಾಲಯ, ಬಚ್ಚಲು ಎರಡೂ ವಾಸದ ನೆಲದ ಮಟ್ಟದಲ್ಲೇ, ಮೇಲೆ ಇರಲಿ. ಹೊರಹೋಗುವ ಪೈಪಿಗೆ ಕೊಳಚೆ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಅದನ್ನು ತೆಗೆದು ತೊಳೆಯಲು ಮುಚ್ಚಳ. ಅದರ ರೆಕ್ಕೆಯಲ್ಲಿ ಒಂದು ಬಟ್ಟೆ ಚೂರು ಸಿಕ್ಕಿದರೂ ವಾಲ್ವ್ ಇದ್ದೂ ಪ್ರಯೋಜನವಿಲ್ಲ.

ಹೂತಿಟ್ಟ ಪ್ಲಾಸ್ಟಿಕ್ ಸೆಪ್ಟಿಕ್ ಟ್ಯಾಂಕು ತೇಲುತ್ತದೆ. 1000 ಲೀಟರಿನ ಖಾಲಿ ಟ್ಯಾಂಕಿಗೆ ಹೆಚ್ಚುಕಡಿಮೆ 1 ಟನ್ ಮೇಲೆತ್ತು. ಕಾಂಕ್ರೀಟ್ ಸುರಿದು ಹಿಡಿದಿಡುತ್ತೇವೆ ಅನ್ನುವವರು ನೀರಿನಡಿ ಕಾಂಕ್ರೀಟಿನ ತೂಕ ಘನ ಮೀಟರಿಗೆ 2400 ಅಲ್ಲ, 1400 ಕೆ.ಜಿ. ಮಾತ್ರ ಅನ್ನುವುದನ್ನು ಮರೆಯುತ್ತಾರೆ. ಒಂದೂವರೆ ಪಟ್ಟು ಸುರಕ್ಷೆ ಇಟ್ಟರೆ 1 ಘನ ಮೀಟರಿಗೂ ತುಸು ಹೆಚ್ಚು ಕಾಂಕ್ರೀಟ್ ಬೇಕು, ಟ್ಯಾಂಕಿಗೆ ಪಟ್ಟಿ ಹಾಕಿ ಅದಕ್ಕೆ ಬಿಗಿದಿರಬೇಕು. ಮಳೆಗಾಲದ ಮುಂಚೆ ಟ್ಯಾಂಕ್ ಖಾಲಿ ಮಾಡಿಸುವುದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ. ಮಾಡಿಸಿದರೆ ಕೂಡಲೇ ನೀರು ತುಂಬಿಸಿ.

ಬಿದಿರುಮೆಳೆ:
ಅಟ್ಟದ ಬಗ್ಗೆ ಯಾರೂ ಹೇಳಲಿಲ್ಲ. ಅಟ್ಟಕ್ಕೆ ಹತ್ತಿದವರಿಗೆ ಅಲ್ಲಿಂದ ಹೊರಗೆ ದಾರಿ ಬೇಕು. 2005ರ ಕತ್ರೀನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ಎಷ್ಟೋ ಜನ ಅಟ್ಟ ಹತ್ತಿ, ಚಾವಣಿ ಒಡೆಯಲಾಗದೆ ಒಳಗೇ ಸಿಕ್ಕಿಬಿದ್ದರು. ಚಾವಣಿಯಲ್ಲಿ 60 × 75 ಸೆಂ.ಮೀ. ಬಾಯಿ, ಹೊರಕ್ಕೆ ತೆರೆಯುವ ಮುಚ್ಚಳ, ಒಳಗಿನಿಂದ ಬರಿ ಕೈಯಲ್ಲಿ ತೆಗೆಯುವ ಅಗುಳಿ. ಬೀಗ ಬೇಡ. ಅಟ್ಟದ ಜಂತೆ ಚದರ ಮೀಟರಿಗೆ 200 ಕೆ.ಜಿ. ತಾಳಬೇಕು, ಹಳೆ ಪಾತ್ರೆ ಇಡುವ ಲೆಕ್ಕದ ಅಟ್ಟ ಆರು ಜನರನ್ನು ಹೊರುವುದಿಲ್ಲ.

ಹೊಸಿಲು:
ಕೊನೆಯ ಪ್ರಶ್ನೆ. ಕೆಳಗಿನ ಕೋಣೆಯ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ?

ನೀರಗಂಟಿ:
80 ಸೆಂ.ಮೀ. ಅಗಲದ ಬಾಗಿಲು, ಹೊರಗೆ 30 ಸೆಂ.ಮೀ. ನೀರು: ಒಟ್ಟು 36 ಕೆ.ಜಿ. ಒತ್ತು, ಹಿಡಿಯ ಹತ್ತಿರ ತಳ್ಳಿದರೆ ಅದರರ್ಧ. ಹೊರಕ್ಕೆ ತಳ್ಳಬಹುದು. 60 ಸೆಂ.ಮೀ. ಆದರೆ 144 ಕೆ.ಜಿ., ಅರ್ಧ ಅಂದರೂ 72. ಒಬ್ಬರಿಂದ ಆಗದು. ಒಳಕ್ಕೆ ತೆರೆಯುವುದಾದರೆ ಅಗುಳಿ ತೆಗೆದ ಕ್ಷಣ ಬಾಗಿಲು ಮುಖಕ್ಕೆ ಬಡಿಯುತ್ತದೆ.

ತೂಗುಗುಂಡು:
ಹೊರಕ್ಕೆ ತೆರೆಯುವ ಬಾಗಿಲನ್ನು ನೆರೆ ಇಳಿದ ಮೇಲೆ ಹೊರಗಿನ ಹೂಳು ಹಿಡಿದುಕೊಳ್ಳುತ್ತದೆ, ಒಳಕ್ಕೆ ತೆರೆಯುವುದನ್ನು ಒಳಗಿನ ಹೂಳು. ಎರಡೂ ಬೇಡ. ಎತ್ತಿದರೆ ಕಳಚುವ ಕೀಲು ಸಿಗುತ್ತದೆ, ಗೂಟ ಕೆಳಗಿನ ಅರ್ಧದಲ್ಲಿರುತ್ತದೆ. ಅದನ್ನು ಹಾಕಿಸಿ. ಮೇಲಿನ ಚೌಕಟ್ಟಿಗೂ ಬಾಗಿಲಿಗೂ ನಡುವೆ ಗೂಟದಿಂದ ಎತ್ತಿ ಕಳಚಲು ಸಾಕಾಗುವಷ್ಟು ಸಂದಿ ಬಿಡಿ, ಇಲ್ಲದಿದ್ದರೆ ಕೀಲಿದ್ದೂ ಕಳಚಲು ಬರುವುದಿಲ್ಲ. ನೀರು ಏರುವ ಸುದ್ದಿ ಬಂದಾಗ ಬಾಗಿಲನ್ನೇ ಎತ್ತಿ ಕಳಚಿ ಅಟ್ಟಕ್ಕೆ ಹಾಕಿ.